ನೀರಿನ ದಿನ

ಲಕ್ಕಸಂದ್ರದ ನಮ್ಮ ಅಡ್ಡರಸ್ತೆಗೆ ಕಾವೇರಿ
ದಿನ ಬಿಟ್ಟು ದಿನ ಬರುತ್ತಾಳೆ, ನಸುಕಿನ ನಾಲ್ಕಕ್ಕೆ.
ಮೊದಲು ನಲ್ಲಿ ಕೆಮ್ಮುತ್ತದೆ, ಗಾಳಿ ಉಗುಳುತ್ತದೆ,
ಆಮೇಲೆ ತುಕ್ಕುಬಣ್ಣದ ಒಂದು ಬಕೆಟ್ಟು,
ಆಮೇಲೆ ನೀರು.

ಅವತ್ತು ದವಡೆ ನೋಯುತ್ತಿತ್ತು.
ಹಲ್ಲಲ್ಲ. ಹಲ್ಲುನೋವು ನನಗೆ ಗೊತ್ತು,
ಅದಕ್ಕೊಂದು ವಿಳಾಸ ಇರುತ್ತದೆ, ನಾಲಿಗೆ ಹೋಗಿ ಬಾಗಿಲು ತಟ್ಟುತ್ತದೆ.
ಇದು ಬೆನ್ನಿನ ನಡುವೆ ಹುಟ್ಟಿ, ಎಡಭುಜ ಬಳಸಿ,
ಗದ್ದದಡಿ ಚೂರು ಕುಳಿತು, ಮತ್ತೆ ಇಳಿಯುತ್ತಿತ್ತು,
ಬಾಡಿಗೆ ಮನೆ ಹುಡುಕುವವರ ಹಾಗೆ.

ಗ್ಯಾಸು ಅಂದುಕೊಂಡೆ.
ನಮ್ಮ ವಠಾರದಲ್ಲಿ ಎಲ್ಲಕ್ಕೂ ಅದೇ ಹೆಸರು.
ಎದೆ ಹಿಡಿದರೆ ಗ್ಯಾಸು, ತಲೆ ತಿರುಗಿದರೆ ಗ್ಯಾಸು.
ಮೂಲೆಮನೆಯ ತಿರುಮಲಯ್ಯ ಗೋಲಿಸೋಡಾ ಕೈಯಲ್ಲಿ ಹಿಡಿದೇ
ಪಕ್ಕಕ್ಕೆ ವಾಲಿದಾಗಲೂ
ಯಾರೋ ಅಂದರು: ಪಾಪ, ಗ್ಯಾಸು ತಲೆಗೆ ಹೊಡೆದಿದೆ.

ಜೀರಿಗೆ ಅಗಿದೆ. ಓಮ ಅಗಿದೆ.
ನಿಂಬೆಹಣ್ಣು ಹಿಂಡಲು ಹೋದರೆ ಬೆರಳಲ್ಲಿ ಬಲವಿಲ್ಲ.
ನಿನ್ನೆ ಕುಚ್ಚು ಕಟ್ಟುವಾಗಲೂ ಹೀಗೇ,
ಅರ್ಧ ಸೆರಗಿಗೇ ಸುಸ್ತು,
ದಿನಕ್ಕೆರಡು ಸೀರೆ ಮುಗಿಸುವವಳು ನಾನು.
ಮೊನ್ನೆ ಮಹಡಿ ಮೆಟ್ಟಿಲಲ್ಲಿ ಎರಡು ಸಲ ನಿಂತೆ,
ಕೆಳಗಿನ ಮನೆಯವಳ ರಂಗೋಲಿ ನೋಡುವ ನೆಪದಲ್ಲಿ.
ನೆಪ ನನಗೆ ನಾನೇ ಹೇಳಿಕೊಂಡದ್ದು.
ಬೇರೆ ಯಾರೂ ಕೇಳಿರಲಿಲ್ಲ.

ಮನೆಯವರು ಮಲಗಿದ್ದರು, ಎಬ್ಬಿಸಲಿಲ್ಲ.
ಎಬ್ಬಿಸಿ ಏನು ಹೇಳುವುದು, ದವಡೆ ಅಂತಲೇ?
ಎರಡು ಡ್ರಮ್ಮು ತುಂಬಲಿ, ಹಾಲು ಬರಲಿ,
ಮಗಳ ಡಬ್ಬಿ ಆಗಲಿ, ಹತ್ತಕ್ಕೆ ಕ್ಲಿನಿಕ್ಕು ತೆರೆಯಲಿ.
ಸಾಲಿನಲ್ಲಿ ನನ್ನೆದೆ
ಕೊನೆಯ ಕೊಡ.

ವಾಲ್ವು ತಿರುಗಿಸಲು ಬಂದ ಕದಿರೇಶ,
ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ.
ಪ್ರೆಶರ್ ಬರ್ತಿದೆಯೇನಕ್ಕ, ಅಂತ ಕೇಳಲು ನಿಂತವನು
ನನ್ನ ಮುಖಕ್ಕೆ ಬಿದ್ದ ಟಾರ್ಚು ತೆಗೆಯಲೇ ಇಲ್ಲ.

"ಈ ಡಿಸೆಂಬರ್ ಚಳೀಲಿ ಯಾಕಕ್ಕ ಹಿಂಗೆ ಬೆವರ್ತಿದ್ದೀರ?"

ಮುಟ್ಟಿ ನೋಡಿಕೊಂಡೆ. ಹಣೆ, ಕುತ್ತಿಗೆ, ರವಿಕೆಯ ಬೆನ್ನು.
ನಲ್ಲಿನೀರು ಸಿಡಿದಿದೆ ಅಂದುಕೊಂಡಿದ್ದೆ.
ತಣ್ಣಗಿತ್ತು, ಜಿಡ್ಡಾಗಿತ್ತು, ನನ್ನದೇ.

"ಗ್ಯಾಸು ಕಣೋ."
"ನಮ್ಮಮ್ಮನೂ ಹಂಗೇ ಅಂದಿದ್ದು."

ಅಷ್ಟೇ ಅಂದ. ಕೀಲಿ ಕೆಳಗಿಟ್ಟ ಸದ್ದಿಗೆ ಬೀದಿನಾಯಿ ಎದ್ದಿತು.
ಕೂತ್ಕೊಳಿ, ನಡೀಬೇಡಿ, ಮೆಟ್ಲು ಹತ್ತಲೇಬೇಡಿ ಅನ್ನುತ್ತ
ಫೋನು ಒತ್ತಿದ.
ನಾನು ನೂರೆಂಟು ನೆಪ ಹೇಳಿಕೊಂಡಿದ್ದೆ,
ಅವನು ಒತ್ತಿದ್ದು ಬರೀ ನೂರೆಂಟು.
ಮಾರಮ್ಮನ ಗುಡಿ, ಟ್ರಾನ್ಸ್‌ಫಾರ್ಮರ್, ಎಡಕ್ಕೆ ಮೂರನೇ ಗೇಟು:
ನೆಲದಡಿಯ ಕೊಳವೆಗಳನ್ನೆಲ್ಲ ಬಲ್ಲವನು
ನೆಲದ ಮೇಲಿನ ದಾರಿ ಹೇಳಿದ.

ಆಂಬ್ಯುಲೆನ್ಸಿನಲ್ಲಿ ನನಗೆ ನೋವಿಗಿಂತ ನಾಚಿಕೆ ಹೆಚ್ಚು.
ಗ್ಯಾಸೇ ಆಗಿದ್ದರೆ? ಬೀದಿಯೆಲ್ಲ ಎದ್ದಿತಲ್ಲ.
ಕೈಗೆ ಸೂಜಿ ಚುಚ್ಚುತ್ತಿದ್ದ ಹುಡುಗಿ, ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳೇನೋ,
ತಲೆಯೆತ್ತದೆ ಅಂದಳು:
"ಆಗಿರ್ಲಿ ಬಿಡಿ, ನಗ್ತಾ ಮನೆಗೆ ಹೋಗೋರಂತೆ."

ಆಗಿರಲಿಲ್ಲ.
ಜಯದೇವದಿಂದ ಐದನೆಯ ದಿನ ಮನೆಗೆ ಬಂದೆ, ನಗದೆ.

ಯಾಕೆ ಎಬ್ಬಿಸಲಿಲ್ಲ, ಇವರು ಈಗಲೂ ಕೇಳುತ್ತಾರೆ.
ಉತ್ತರ ಹುಡುಕುತ್ತಿದ್ದೇನೆ.
ಸಿಕ್ಕಿದ್ದು ಇಷ್ಟು: ಯಾರಾದರೂ ಗ್ಯಾಸು ಅಂದರೆ
ಸೂಜಿ ಕೆಳಗಿಟ್ಟು ಮೊದಲು ಅವರ ಹಣೆ ನೋಡುತ್ತೇನೆ.
ಕೆಳಗಿನ ಮನೆಯವಳಿಗೆ ಇದರಿಂದ ಕಿರಿಕಿರಿ.

ಅವತ್ತು ನಲ್ಲಿ ನಿಲ್ಲಿಸುವವರಿಲ್ಲದೆ
ಡ್ರಮ್ಮು ತುಂಬಿ, ಹೊಸಿಲು ತೊಳೆದು,
ರಂಗೋಲಿ ಅಳಿಸಿಕೊಂಡು, ಇಳಿಜಾರಿನ ಗುಂಟ
ಟೀ ಅಂಗಡಿಯವರೆಗೂ ಹರಿಯಿತಂತೆ ನೀರು,
ಏಳು ಗಂಟೆಯವರೆಗೆ.
ಒಂದು ಹನಿಗೂ ಜಗಳವಾಡುವ ನಮ್ಮ ಬೀದಿಯಲ್ಲಿ
ಯಾರೂ ಬೈಯಲಿಲ್ಲವಂತೆ.