ಒಂದೇ ಕೊಳವೆ

ಹೊಸಂಗಡಿಯ ಹೈವೇ ಬದಿ, ಅಗೆದ ಗುಂಡಿಯೊಳಗೆ ಕೂತು
ಇಪ್ಪತ್ತೈದು ವರ್ಷ ಗಾಜಿನ ಎಳೆ ಬೆಸೆದವನು ನಾನು, ಐತ್ತಪ್ಪ.
ಕೂದಲಿನಷ್ಟು ಸಪೂರ. ಅದರಲ್ಲೇ
ಉಪ್ಪಳದ ಬ್ಯಾಂಕು, ದುಬಾಯಿಗೆ ಹೋಗುವ ಮುನಿಸು,
ಯಾರದೋ ಬಂಗುಡೆಯ ರೇಟು.
ಒಂದೊಂದಕ್ಕೆ ಒಂದೊಂದು ಬಣ್ಣದ ಬೆಳಕು,
ಮೈಗೆ ಮೈ ತಾಗಿ ಓಡಿಯೂ ಮೈಲಿಗೆಯಿಲ್ಲ.

ಇವತ್ತು ಕಾಸರಗೋಡಿನ ಲ್ಯಾಬಿನ ಬೆಂಚು.
ಮೊಮ್ಮಗಳ ಹಿಮ್ಮಡಿಯಿಂದ ಒಂದು ಹನಿ ತೆಗೆದಿದ್ದಾರೆ.
ನಾಲ್ಕು ಕಾಯಿಲೆಗೆ ನಾಲ್ಕು ಸಲ ಚುಚ್ಚಬೇಡವೇ, ಕೇಳಿದೆ.
ಸಫೀನಾ ನಕ್ಕಳು: "ಒಂದೇ ಕೊಳವೆ ಅಜ್ಜ,
ನಾಲ್ಕು ಪ್ರಶ್ನೆ ಒಟ್ಟಿಗೇ ಹಾಕ್ತೇವೆ.
ದೋಷ ಇದ್ದರೆ ಅದರದೇ ಬಣ್ಣದಲ್ಲಿ ಹೊತ್ತಿಕೊಳ್ತದೆ."

ಅರ್ಥವಾಯಿತು. ಅದೇ ಕಷ್ಟ.
ಬೆಳಕು ಬಾರದಿದ್ದರೆ ಟಾರ್ಚು ಹಿಡಿದು
ಕುಂಬಳೆಯವರೆಗೂ ಹುಡುಕಿ ನಡೆದವನು
ಈಗ ಕತ್ತಲೆಗೆ ಹರಕೆ ಹೇಳುತ್ತಿದ್ದೇನೆ.

ಒಳಗೆ ಯಂತ್ರ ಕಾದು, ತಣಿದು, ಮತ್ತೆ ಕಾಯುತ್ತದೆ;
ನಲುವತ್ತು ಸಲವಂತೆ.
ಸೊಸೆ ತುಳುವಿನಲ್ಲಿ ದೈವವನ್ನು ಕರೆಯುತ್ತಾಳೆ,
ಪಕ್ಕದ ಬೆಂಚಿನಾಕೆ ಮಲಯಾಳದಲ್ಲಿ.
ಮಗು ಮಾತ್ರ
ಇನ್ನೂ ಯಾವ ಭಾಷೆಯೂ ಇಲ್ಲದೆ
ಗಾಜಿನ ಚೂರು ಕೂತ ನನ್ನ ಹೆಬ್ಬೆರಳು ಹಿಡಿದಿದೆ,
ಬಿಡುವುದಿಲ್ಲ.