ತೆಂಕಣಕ್ಕೆ ಮುಖ ಮಾಡಿದ ತಾಟು

ಖಡಕಿಯ ನಮ್ಮ ಕೋಣೆಗೆ ಕಿಟಕಿಯಿಲ್ಲ.
ಮಾಳಿಗೆಯ ಮೇಲೆ ಒಂದು ದೊಡ್ಡ ತಾಟು,
ಯಾರೋ ಬಡಿಸಿಯಾರೆಂದು
ಹಗಲೂ ರಾತ್ರಿ ತೆಂಕಣಕ್ಕೆ ಮುಖವೆತ್ತಿ ನಿಂತದ್ದು.
ಫೋಟೋ ಕಳಿಸುವಂತಿಲ್ಲ, ಅವ್ವಗೆ ಬಾಯಲ್ಲೇ ಹೇಳಿದೆ.
ಯಮನ ದಿಕ್ಕಲ್ಲೋ, ಅಂದಳು.
ಅಥಣಿಯೂ ಆ ಕಡೆಗೇ ಐತಿ ಬೇ, ಅಂದೆ.

ಎದುರಿಗೆ ದಿಘಿಯ ಗುಡ್ಡ.
ಸೈಕಲ್ ತುಳಿದರೆ ಅಂಗಿ ಒದ್ದೆಯಾಗುವಷ್ಟರಲ್ಲಿ ಮುಟ್ಟಬಹುದು.
ಆದರೆ ಇಲ್ಲಿಂದ ಅಲ್ಲಿಗೆ ಒಂದು ‘ಹೂಂ’ ಹೋಗಬೇಕಾದರೆ
ಮೂವತ್ತಾರು ಸಾವಿರ ಕಿಲೋಮೀಟರು ಏರಬೇಕು,
ಅಷ್ಟೇ ಇಳಿಯಬೇಕು.
ನಡುವೆ ರೆಪ್ಪೆ ಬಡಿದಷ್ಟು ಮೌನ.
ಹನ್ನೊಂದು ವರ್ಷ ಅದನ್ನೇ ಕೇಳಿ ಕೇಳಿ
ಈಗ ಹೆಂಡತಿಯ ಮಾತಿಗೂ
ಒಂಚೂರು ತಡೆದೇ ಉತ್ತರ ಕೊಡುತ್ತೇನೆ.
ಅವಳಿಗೆ ಅದು ಸಿಟ್ಟಿನ ಹಾಗೆ ಕೇಳುತ್ತದೆ.

ಮಾರ್ಚ್ ಹದಿಮೂರು, ಸಮರಾಭ್ಯಾಸದ ಮೂರನೇ ದಿನ.
ವರ್ಷಕ್ಕೆ ಎರಡು ಸಲ ಸೂರ್ಯ
ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ;
ತಾಟು ತುಂಬಿ ಚೆಲ್ಲುವಷ್ಟು ಬೆಳಕು,
ಮಾತೆಲ್ಲ ಮುಳುಗುತ್ತದೆ.
ತಾರೀಕು, ಗಂಟೆ, ನಿಮಿಷ ಬರೆದು
ಗೋಡೆಗೆ ನೋಟೀಸು ಅಂಟಿಸಿದವನು ನಾನೇ,
ಕ್ಯಾಂಟೀನಿನ ರೇಟುಪಟ್ಟಿಯ ಪಕ್ಕಕ್ಕೆ.
ರೇಟು ಎಲ್ಲರೂ ಓದಿದ್ದರು.

ಹನ್ನೆರಡೂ ನಲವತ್ತಕ್ಕೆ
ಪರದೆಯ ನೀಲಿ ಚುಕ್ಕೆಗಳು ಇದ್ದಲ್ಲೇ ಹೆಪ್ಪುಗಟ್ಟಿದವು.
‘ಮುಂದೆ ಹೋಗಿ’ ಆಗಲೇ ಹೋಗಿತ್ತು.
‘ನಿಲ್ಲಿ’ ನನ್ನ ಬೆರಳ ತುದಿಯಲ್ಲಿ ಇತ್ತು.
ಕರ್ನಲ್ ಸಾಹೇಬರು ಪರದೆಗೆ ತಟ್ಟಿದರು,
ಹಳೆಯ ರೇಡಿಯೋಗೆ ತಟ್ಟುವ ಹಾಗೆ.
ತಂತಿ? ಎಂದರು.
ಹೋದ ಬೇಸಗೆ ಕಿತ್ತು ಗುಜರಿಗೆ ಹಾಕಿದೆವು, ಸಾಬ್.
ಕೊನೆಗೆ ಲಕೋಟೆಗೆ ಅರಗು ಮೆತ್ತಿ
ಜಾಲಿಂದರ್ ಖರಾತನ ಕೈಗಿಟ್ಟರು.
ಬುಲೆಟ್ಟಿಗೆ ಒದ್ದ, ಹೊರಟ.
ಹೋಳ್ಕರ್ ಸೇತುವೆಯ ಮೇಲೆ ಮದುವೆಯ ಬ್ಯಾಂಡು,
ಕುದುರೆಯ ಮೇಲೆ ಮದುಮಗ,
ಕುದುರೆಗೋ ಬುಲೆಟ್ಟಿನ ಸದ್ದು ಆಗಿಬರದು.

ಒಂಬತ್ತನೇ ನಿಮಿಷಕ್ಕೆ ಸೂರ್ಯ ಸರಿದ.
ಚುಕ್ಕೆಗಳು ಮತ್ತೆ ಕಂಡವು, ಗೆರೆಯ ಆಚೆಗೆ.
ಅಂಪೈರು ಪೆನ್ನಿನ ಟೊಪ್ಪಿ ತೆಗೆದು ಬರೆದ:
ಸತ್ತವರು ನಲವತ್ತೊಂದು.

ಖರಾತ ದಿಘಿ ಮುಟ್ಟಿದಾಗ ಒಂದೂವರೆ.
ಸತ್ತವರು ಹುಣಸೆಮರದಡಿ
ತಾಟು ಹಿಡಿದು ಊಟಕ್ಕೆ ಪಾಳಿ ಹಚ್ಚಿದ್ದರಂತೆ.
ಅವರ ಸುಬೇದಾರ, ಬೀಡದ ಕಡೆಯವನು,
ಅರಗು ಒಡೆದು, ಇದ್ದ ಒಂದೇ ಒಂದು ಶಬ್ದ ಓದಿ,
‘ನಿಂತೇ ಇದ್ದೀವಲ್ಲಪ್ಪ, ಅರ್ಧ ತಾಸಿನಿಂದ,’ ಎಂದನಂತೆ.
ಖರಾತನಿಗೂ ಒಂದು ತಾಟು ಸಿಕ್ಕಿತು.
ಅವನನ್ನು ಬದುಕಿದವರಲ್ಲಿ ಹಿಡಿಯಬೇಕೋ, ಸತ್ತವರಲ್ಲೋ,
ಅಡಿಗೆಯವನು ಕೇಳಲಿಲ್ಲ.

ಸಂಜೆ ಮಾಳಿಗೆಗೆ ಹತ್ತಿ
ಪಾರಿವಾಳದ ಹಿಕ್ಕೆ ಒರೆಸಿದೆ.
ತೆಂಕಣದಲ್ಲಿ ಏನೂ ಇರಲಿಲ್ಲ,
ಲೋಹಗಾಂವಿಗೆ ಇಳಿಯುವ ಒಂದು ವಿಮಾನ ಬಿಟ್ಟರೆ.
ಅಕ್ಟೋಬರಿನಲ್ಲಿ ಸೂರ್ಯ ಮತ್ತೆ ಬರುತ್ತಾನೆ.
ನೋಟೀಸು ಈಗಲೇ ಅಂಟಿಸಿದ್ದೆ,
ಈ ಸಲ ರೇಟುಪಟ್ಟಿಯ ಮೇಲೆಯೇ.
ಬೆಳಗಾಗುವುದರೊಳಗೆ ಯಾರೋ ಹರಿದಿದ್ದಾರೆ:
ಸಾಬೂನಿನ ರೇಟು ಕಾಣುತ್ತಿರಲಿಲ್ಲವಂತೆ.