ಲಾಭ, ಎರಡು, ಮೂರು

ಒಂಬತ್ತು ಮಂದಿ ಕುಂತಾರ.
ಹತ್ತನೆಯಾವ ಬರಲಿಲ್ಲಂದ್ರ
ಕೆಲವು ಮಾತು ದೇವರಿಗೆ ಹೇಳೂಹಂಗಿಲ್ಲ.
ನಾನು, ಅತ್ತಿಗಿ ಸೇರಾ, ಅಡಗಿಮನಿ ಬಾಗಲಾಗ ನಿಂತೀವಿ.
ನಮ್ಮನ್ನ ಲೆಕ್ಕಕ್ಕ ಹಿಡಿಯೂದಿಲ್ಲ.
ಲೆಕ್ಕಾ ಇಡಾಕಿ ಮಾತ್ರ ನಾನು.

ಮಂದೀನ ಒಂದು, ಎರಡು ಅಂತ ಎಣಸಬಾರದು, ಅಂತಿದ್ಲು ಆಯಿ.
ಹತ್ತು ಶಬ್ದದ ಸಾಲೊಂದು ಐತಿ ಹೀಬ್ರೂದಾಗ,
ತಲಿಗೊಂದು ಶಬ್ದ ಇಟಗೋತ ಹೋಗಬೇಕು.
ನನಗ ಆರನೇದ್ದು ಬಾಯಾಗ ನಿಲ್ಲೂದಿಲ್ಲ.
ಅದಕ್ಕ ಬಾಜೂ ಮನಿ ಗಂಗವ್ವ ಗಾಣಿಗೇರ ಕಲಿಸಿದ್ದು:
ರಾಶಿ ಅಳಿಯೂವಾಗ ಮೊದಲ ಸೇರಿಗೆ ಒಂದು ಅನ್ನೂದಿಲ್ಲ,
ಲಾಭ ಅಂತಾರ.

ಲಾಭ ಅಂದ್ರ ನಮ್ಮ ಹನೋಖ ಕಾಕಾ.
ಮೂವತ್ತೆಂಟು ವರ್ಷ ರೈಲಿನ ಗಾಲಿ ಬಡದು ಬಡದು
ಎಡಗಿವಿ ಹೋಗೇತಿ.
ಎರಡು, ಅವರ ಮಗ. ಮೂರು, ನಾಲ್ಕು, ಚಿಂಚೋಲ್ಕರ ಅಣ್ಣತಮ್ಮ,
ಆಸ್ತಿ ಸಲುವಾಗಿ ಮಾತು ಬಿಟ್ಟಾರ, ಪ್ರಾರ್ಥನಾ ಬಿಟ್ಟಿಲ್ಲ.
ಹಿಂಗ ಒಂಬತ್ತು.
ನವನಗರದ ಬಿನ್ಯಾಮಿನ್ ಎಲ್ಲಿ ಅಂದ್ರ
ಸೇರಾ ಅಂದ್ಲು: ಅವರ ಓಣಿಗೆ ನಳಾ ಬಂದೈತಿ.

ಹುಬ್ಬಳ್ಳಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಎಂಟು ದಿನಕ್ಕೊಮ್ಮೆ ನೀರು, ಏಳು ದಿನಕ್ಕೊಂದು ಶಬ್ಬಾತ್.
ಎರಡೂ ಕೂಡೂದಿಲ್ಲ, ಒಂದಕ್ಕೊಂದು ತಪ್ಪಿಸಿಕೋತ
ಸರಕೋತ ಸರಕೋತ
ಒಂದಿನ ಶುಕ್ರವಾರ ಸಂಜಿಗೆ ಬಂದು ನಿಲ್ತೈತಿ ನೀರು,
ಬ್ಯಾರಲ್ಲು ಖಾಲಿ, ದೀಪಾ ಹಚ್ಚೂ ಹೊತ್ತು.
ಮೋಶೆ ಬಂಡಿಗೆ ಕೋಲು ಬಡದು ನೀರು ತಗದ ಅಂತಾರ.
ನಮ್ಮ ವಾಲ್ವ್‌ಮನ್ನಗ ಯಾರು ಬಡೀಬೇಕು?

ಹ್ವಾದ ವರ್ಷ ಠಾಣೆಯಿಂದ ಒಬ್ರು ದೊಡ್ಡ ಮನುಷ್ಯಾರು ಬಂದಿದ್ರು.
ದೊಡ್ಡ ಹಾಲ್ ಬೇಕು, ಬೋರ್ಡ್ ಬೇಕು, ಪಾವತಿ ಪುಸ್ತಕ ಬೇಕು ಅಂದ್ರು.
ಗಿರಮಿಟ್ಟು ತಿಂದ್ರು, ಹೋದ್ರು.
ಅದ ತಿಂಗಳ ಮಾಳಮಡ್ಡಿ ಅಬಿಗೈಲ್ ಮಾವಶಿ
ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಹದಿನೈದು ದಿನ
ಒಬ್ಬಾಕಿನ ಕತ್ತಲಾಗ ಇದ್ಲು.
ನಮ್ಮ ಜಮಾತಿನವು ಹನ್ನೊಂದು ಮನಿ. ಒಂದಕ್ಕೂ ಗೊತ್ತಿಲ್ಲ.
ಆಕಿ ಬಾಗಲಾ ಬಡದು ಹಾಲು ಇಟ್ಟಾಕಿ
ಮ್ಯಾಲಿನ ಮನಿ ಬಾಡಗಿ ಹುಡುಗಿ.

ಅವತ್ತ ರಾತ್ರಿ ಕ್ಯಾಲೆಂಡರಿನ ಹಿಂದ ಗೆರಿ ಹೊಡದೆ.
ಯಾರ ಓಣಿಗೆ ಯಾವತ್ತ ನೀರು?
ಕೇಶ್ವಾಪುರದ ನಾಕು ಮನಿ ಒಂದು ಗುಂಪು.
ನವನಗರದಿಂದ ಧಾರವಾಡದ ತನಕಾ ಐದು.
ಗದಗಿನ ಎರಡು ಮನಿಯಾವರು ನಾವು ದೂರ ಅಂದ್ರು.
ದೂರಾದ್ರೂ ಎರಡು ಅದೀರಿ, ಒಂದಲ್ಲ, ಅಂದೆ.
ನಿಮ್ಮಲ್ಲಿ ನೀರಿದ್ದ ದಿನ ಅವರು ಬರ್ತಾರ,
ಅವರಲ್ಲಿದ್ದ ದಿನ ನೀವು ಹೋಗ್ರಿ.
ಕೊಡಾ ತುಂಬಸ್ರಿ, ಚಾ ಕುಡೀರಿ,
ಯಾರ ಮೊಣಕಾಲು ಎಷ್ಟು ನೋವು, ತಿಳಕೊಂಡು ಬರ್ರಿ.
ಪ್ರಾರ್ಥನಾ? ಅಂದ ಕಾಕಾ, ಬಲಗಿವಿ ಮುಂದ ಮಾಡಿ.
ಇದ ಅನ್ನಲಿಲ್ಲ ನಾನು.
ಅದೂ ಮಾಡೂಣು, ಅಂದೆ.

ಗಂಗವ್ವ ಕಂಪೌಂಡಿನ ಮ್ಯಾಲಿಂದ ಎಲ್ಲಾ ಕೇಳಿಸಿಕೊಂಡಿದ್ಲು.
ಕೊಂಕಣದಾಗ ನಮಗ ಶನಿವಾರದ ತೇಲಿ ಅಂತಿದ್ರು,
ಶನಿವಾರ ಗಾಣಾ ಹೂಡದ ಮಂದಿ.
ಆಕಿ ಸೋಮವಾರ ಎತ್ತಿಗೆ ನೊಗಾ ಇಡದವರ ಮಗಳು.
ನಮ್ಮ ಶಬ್ಬಾತ್ ಅಂದ್ರೇನಂತ
ಆಕಿಗೆ ಬಿಡಿಸಿ ಹೇಳೂದ ಬೇಕಾಗಲಿಲ್ಲ.
ಹರಕಿ ಮಲೀದಾ ಕೊಟ್ರ ಬೆರಳು ನೆಕ್ಕಿ,
ನಮ್ಮ ಮಾದ್ಲಿ ತಂಗೀನ ಬಿಡು ಇದು, ಅಂತಾಳ.

ಈಗೂ ಆಕೀನ ಫೋನ್ ಹಚ್ಚಿದ್ಲು ನಾದಿನಿಗೆ:
ನವನಗರದಾಗ ಎರಡನೇ ಕ್ರಾಸು, ಹಸರು ಗೇಟು,
ಹೋಗಿ ನಳದ ಮುಂದ ನಿಂದ್ರು, ಆ ಮನಷ್ಯಾನ್ನ ಬಿಡಿಸಿ ಕಳಸು.

ಹೊತ್ತು ಮುಣಗೂಕಿಂತ ಒಂದು ಮಾರು ಮೊದಲ
ಚಿಗರಿ ಬಸ್ ಇಳದು ಓಡಿಕೋತ ಬಂದ ಬಿನ್ಯಾಮಿನ್.
ಪ್ಯಾಂಟು ಮೊಣಕಾಲ ತನಕಾ ಮಡಚೇತಿ,
ಟೋಪಿಗೆ ಒಣಾ ಕೈ ಹುಡುಕಾಕತ್ತಾನ.
ಯಾರೂ ಬಯ್ಯಲಿಲ್ಲ. ಚಿಂಚೋಲ್ಕರ ಸಣ್ಣಾವ ಸರದ,
ಅಣ್ಣಗ ಭುಜಾ ತಾಗೂವಷ್ಟು ಸರದ.

ನಾ ಮತ್ತ ಎಣಸಿದೆ, ಈ ಸಲ ಬಾಗಲದಿಂದ.
ಹಸಿ ಹೆಜ್ಜಿಯಾವ, ಲಾಭ.
ಎರಡು, ಮೂರು…

ಆತೇನ ನಿಮ್ಮ ರಾಶಿ? ಅಂದ್ಲು ಗಂಗವ್ವ ಹೊರಗಿಂದ.
ಒಳಗ ಸುರು ಆಗಿತ್ತು. ಬಾಯಿ ತೆರಿಯೂಹಂಗಿಲ್ಲ.
ಕಿಡಕ್ಯಾಗಿಂದ ಸೌಟು ಎತ್ತಿ ತೋರಿಸಿದೆ.